ರೋರಿ ಗ್ಯಾಲಹರ್: ಲೈವ್ ರೆಕಾರ್ಡಿಂಗ್ ಎಲ್ಲಿಂದ ಶುರು ಮಾಡೋದು? ಆ ಸೌಂಡ್ ಹೇಗೆ ಬರುತ್ತೆ?

ಆರುತಂತಿ:

ಐರಿಷ್ ಬ್ಲೂಸ್-ರಾಕ್ ಗಿಟಾರಿಸ್ಟ್ ರೋರಿ ಗ್ಯಾಲಹರ್‌ನನ್ನು ಚೆನ್ನಾಗಿ ಕೇಳಿದವರು ಇಲ್ಲಿ ಹಲವರು ಇದ್ದೀರಿ, ಅದಕ್ಕೆ ನೇರವಾಗಿ ಕೇಳ್ತೀನಿ. ಮೂರು ಪ್ರಶ್ನೆ.

ಒಂದು, ಅವನ ಸ್ಟುಡಿಯೋ ಆಲ್ಬಂಗಳಿಗಿಂತ ಲೈವ್ ರೆಕಾರ್ಡಿಂಗೇ ಮುಖ್ಯ ಅಂತ ಎಲ್ಲರೂ ಹೇಳ್ತಾರೆ. ಯಾವುದರಿಂದ ಶುರು ಮಾಡಬೇಕು, ಯಾವುದನ್ನು ಆಮೇಲೆ ಕೇಳಿದರೂ ನಡೆಯುತ್ತೆ?

ಎರಡು, ಸೌಂಡ್. ಸ್ಟ್ರಾಟೋಕಾಸ್ಟರ್ (ಸ್ಟ್ರಾಟ್) ಗಿಟಾರ್, 15 ವ್ಯಾಟ್‌ನ ವಾಲ್ವ್ ಆಂಪ್, ಹಳೆಯ ರೇಂಜ್‌ಮಾಸ್ಟರ್ ಡಬ್ಬದ ನಕಲಾದ ಟ್ರೆಬಲ್ ಬೂಸ್ಟರ್ (ಮೇಲಿನ ಸ್ವರಗಳನ್ನು ಎತ್ತೋ ಪೆಡಲ್), ಇಷ್ಟಿದೆ. ಬ್ರಿಜ್ ಪಿಕಪ್‌ನಲ್ಲಿ (ತಂತಿ ಕೂರೋ ಬ್ರಿಜ್‌ನ ಪಕ್ಕದ ಪಿಕಪ್) ಬೂಸ್ಟರ್ ಆನ್ ಮಾಡಿದರೆ ಕಿವಿ ಕೊರೆಯುತ್ತೆ. ಅವನದು ಅಷ್ಟು ದಪ್ಪಗೆ, ಮಾತಾಡಿದ ಹಾಗೆ ಕೇಳುತ್ತಲ್ಲ, ಎಲ್ಲಿ ತಪ್ತಾ ಇದೆ?

ಮೂರು, ಕಾಲ ಬಳಿ ವಾ ಪೆಡಲ್ (‘ವಾ’ ಅಂತ ಬಾಯಿ ತೆರೆದ ಹಾಗೆ ಸದ್ದು ಕೊಡೋ ಪೆಡಲ್) ಕಾಣದ ವಿಡಿಯೋಗಳಲ್ಲೂ ವಾ ತರಹದ ಸದ್ದು ಬರುತ್ತೆ. ಅದು ಏನು?

ನೀಲಿಸ್ವರ:

ಮೊದಲನೇದಕ್ಕೆ ನಾನು ಹೇಳ್ತೀನಿ, ಎರಡನೇದನ್ನು ಬೆಸುಗೆ ಹಾಕೋರು ನೋಡ್ಕೊಳ್ಳಲಿ.

ಕಣ್ಣು ಮುಚ್ಚಿ ‘ಐರಿಷ್ ಟೂರ್ ’74’ ಹಾಕಿ. 1974ರ ಜನವರಿಯಲ್ಲಿ ಬೆಲ್‌ಫಾಸ್ಟ್‌ನ ಅಲ್ಸ್ಟರ್ ಹಾಲ್, ಡಬ್ಲಿನ್‌ನ ಕಾರ್ಲ್ಟನ್ ಸಿನೆಮಾ, ಕಾರ್ಕ್‌ನ ಸಿಟಿ ಹಾಲ್, ಈ ಮೂರು ಕಡೆ ರಾನಿ ಲೇನ್‌ನ ಮೊಬೈಲ್ ಸ್ಟುಡಿಯೋ ನಿಲ್ಲಿಸಿಕೊಂಡು ರೆಕಾರ್ಡ್ ಮಾಡಿದ್ದು. ಉತ್ತರ ಐರ್ಲೆಂಡಿನಲ್ಲಿ ಬಾಂಬು, ಗುಂಡಿನ ಕಾಲ ಅದು. ಹೊರಗಿನ ಬ್ಯಾಂಡ್‌ಗಳು ಬೆಲ್‌ಫಾಸ್ಟ್ ಹೆಸರನ್ನೇ ಪಟ್ಟಿಯಿಂದ ತೆಗೆದಿದ್ದವು. ಈತ ಮಾತ್ರ ಬರೋದು ಬಿಡಲಿಲ್ಲ. ಅದನ್ನು ದೊಡ್ಡ ಸಾಹಸ ಅಂತ ಎಲ್ಲೂ ಸಾರಿಕೊಳ್ಳಲೂ ಇಲ್ಲ. ಅಲ್ಲೂ ಕೇಳೋ ಜನ ಇದ್ದಾರೆ, ಬಂದು ನುಡಿಸಿ ಹೋಗ್ತೀನಿ, ಅಷ್ಟೇ. ಆ ಜನರ ಗದ್ದಲ ರೆಕಾರ್ಡಿನಲ್ಲಿ ಕೇಳಿಸುತ್ತೆ. ಟೋನಿ ಪಾಮರ್ ತೆಗೆದ ಸಿನಿಮಾ ಕೂಡ ಇದೇ ಪ್ರವಾಸದ್ದು, ಸಿಕ್ಕರೆ ನೋಡಿ, ಬಲಗೈ ಏನು ಮಾಡುತ್ತೆ ಅನ್ನೋದು ಅದರಲ್ಲಿ ಗೊತ್ತಾಗುತ್ತೆ.

ಬ್ಯಾಂಡ್: ಬಾಸ್ ಜೆರಿ ಮೆಕಾವೊಯ್, ಡ್ರಮ್ಸ್ ರಾಡ್ ಡಿಆತ್, ಕೀಬೋರ್ಡ್ ಲೂ ಮಾರ್ಟಿನ್. ‘ವಾಕ್ ಆನ್ ಹಾಟ್ ಕೋಲ್ಸ್’ ಹಾಡನ್ನು ಮೊದಲ ಸಲ ಬರೀ ಕೇಳಿ. ಎರಡನೇ ಸಲ ಗಿಟಾರ್ ಬಿಟ್ಟು ಬಾಸ್ ಮೇಲೆ ಗಮನ ಇಡಿ. ರೋರಿ ಸದ್ದು ತಗ್ಗಿಸಿದ ತಕ್ಷಣ ಮೆಕಾವೊಯ್ ಕೂಡ ತಗ್ಗುತ್ತಾನೆ, ಏರಿಸಿದರೆ ಏರುತ್ತಾನೆ. ಮೊದಲೇ ಬರೆದಿಟ್ಟ ಹಾಡಿನ ಪಟ್ಟಿಗೆ ಅಂಟಿಕೊಳ್ಳದ ನಾಯಕನ ಜೊತೆ ವರ್ಷಗಟ್ಟಲೆ ನಿಂತವರಿಗೆ ಮಾತ್ರ ಬರೋ ಗುಣ ಇದು.

ಆಮೇಲೆ 1972ರ ‘ಲೈವ್ ಇನ್ ಯುರೋಪ್’. ಇದರಲ್ಲಿ ಕೀಬೋರ್ಡ್ ಇಲ್ಲ, ಬರೀ ಮೂವರು, ಡ್ರಮ್ಸ್‌ನಲ್ಲಿ ವಿಲ್ಗರ್ ಕ್ಯಾಂಪ್‌ಬೆಲ್. ಹಾಗಾಗಿ ಹಾಡೋ ಸಾಲುಗಳ ನಡುವಿನ ಸಂದನ್ನೆಲ್ಲ ಗಿಟಾರೇ ತುಂಬಬೇಕು. ‘ಲಾಂಡ್ರೋಮ್ಯಾಟ್’ ಕೇಳಿದರೆ ಗೊತ್ತಾಗುತ್ತೆ, ಕೆಳಗಿನ ತಂತಿಗಳಲ್ಲಿ ರಿಫ್, ಅದು ಮುಗಿಯೋ ಮೊದಲೇ ಮೇಲಿನ ತಂತಿಗಳಲ್ಲಿ ಉತ್ತರ. ಇದೇ ಆಲ್ಬಂನಲ್ಲಿ ಬ್ಲೈಂಡ್ ಬಾಯ್ ಫುಲ್ಲರ್‌ನ ‘ಪಿಸ್ಟಲ್ ಸ್ಲ್ಯಾಪರ್ ಬ್ಲೂಸ್’ ಅನ್ನು ಅಕೂಸ್ಟಿಕ್‌ನಲ್ಲಿ ಒಬ್ಬನೇ ನುಡಿಸ್ತಾನೆ, ‘ಗೋಯಿಂಗ್ ಟು ಮೈ ಹೋಮ್‌ಟೌನ್’ಗೆ ಮ್ಯಾಂಡೋಲಿನ್ ಎತ್ಕೊಳ್ತಾನೆ. ಕೊನೆಗೆ ‘ಬುಲ್‌ಫ್ರಾಗ್ ಬ್ಲೂಸ್’.

ಮೂರನೇದು, ರೋರಿಯ ಮೊದಲಿನ ಬ್ಯಾಂಡ್ ಟೇಸ್ಟ್‌ನ 1970ರ ಆಗಸ್ಟಿನ ಐಲ್ ಆಫ್ ವೈಟ್ ಕಛೇರಿ. ಒಳಗೊಳಗೆ ಬ್ಯಾಂಡ್ ಒಡೆದುಹೋಗ್ತಾ ಇತ್ತು, ಆ ವರ್ಷದ ಕೊನೆಗೆ ಮುಗಿದೇ ಹೋಯ್ತು. ನುಡಿಸೋದರಲ್ಲಿ ಅದು ಒಂದಿಷ್ಟೂ ಕಾಣಲ್ಲ. ನಾಲ್ಕನೇದು 1977ರ ಬ್ರಿಟನ್ ಪ್ರವಾಸದ್ದು, ‘ಚೆಕ್ ಶರ್ಟ್ ವಿಝರ್ಡ್’ ಅಂತ 2020ರಲ್ಲಿ ಬಂತು. ಡಿಆತ್, ಮಾರ್ಟಿನ್ ಇದ್ದ ಕೂಟ ಅಷ್ಟೊತ್ತಿಗೆ ಪೂರ್ತಿ ಹದಕ್ಕೆ ಬಂದಿತ್ತು. 1980ರ ‘ಸ್ಟೇಜ್ ಸ್ಟ್ರಕ್’ ಕೊನೆಗಿರಲಿ. ಕೆಟ್ಟದ್ದಲ್ಲ, ಆದರೆ ಮತ್ತೆ ಮೂವರ ಬ್ಯಾಂಡ್, ಟೆಡ್ ಮೆಕೆನ್ನಾನ ಏಟು ಭಾರ, ಎಲ್ಲ ಹಾರ್ಡ್ ರಾಕ್ ಕಡೆ ವಾಲಿದೆ. ಮೊದಲೇ ಅದನ್ನು ಕೇಳಿದವರು ‘ಇವನೇನು ಬ್ಲೂಸ್ ನುಡಿಸೋನಾ’ ಅಂತ ಕೇಳಿದರೆ ಅವರದು ತಪ್ಪಲ್ಲ.

ಬೆಸುಗೆಕಡ್ಡಿ:

ಎರಡನೇ ಪ್ರಶ್ನೆಗೆ. ಕಿವಿ ಕೊರೆಯೋದಕ್ಕೆ ಹೆಚ್ಚಿನ ಸಲ ಬೂಸ್ಟರ್ ಕಾರಣ ಅಲ್ಲ, ಆಂಪ್ ತೀರಾ ಕ್ಲೀನ್ ಆಗಿರೋದು, ಅಂದ್ರೆ ಸದ್ದು ಒಡೆದು ಒರಟಾಗದೇ ಇರೋದು ಕಾರಣ.

ಈ ಪೆಟ್ಟಿಗೆ ಏನು ಮಾಡುತ್ತೆ ನೋಡಿ. ಒಂದೇ ಒಂದು ಜರ್ಮೇನಿಯಂ ಟ್ರಾನ್ಸಿಸ್ಟರ್, ಸಾಮಾನ್ಯವಾಗಿ ಓಸಿ44 ಅಥವಾ ಓಸಿ71. ಒಳಬರುವ ಜಾಗದಲ್ಲಿ ಸುಮಾರು 5 ನ್ಯಾನೊಫ್ಯಾರಡ್‌ನ ಕೆಪಾಸಿಟರ್. ಸರ್ಕ್ಯೂಟಿನ ಇನ್‌ಪುಟ್ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡೋ ತಡೆ) ಬಹಳ ಕಮ್ಮಿ ಇರೋದರಿಂದ ಆ ಚಿಕ್ಕ ಕೆಪಾಸಿಟರ್ 2 ಕಿಲೋಹರ್ಟ್ಸ್‌ಗಿಂತ ಸ್ವಲ್ಪ ಮೇಲಿನಿಂದಲೇ ಕೆಳಗಿನದನ್ನೆಲ್ಲ ಇಳಿಜಾರಾಗಿ ಕತ್ತರಿಸುತ್ತೆ. ಬಾಸ್ ಪೂರ್ತಿ ಹೋಗಲ್ಲ, ಆದರೆ ಮೇಲಿನ ಸ್ವರಗಳು ಬಹಳ ಜೋರಾಗಿ ಆಂಪ್‌ನ ಮೊದಲ ವಾಲ್ವ್‌ಗೆ ಬಡಿಯುತ್ತವೆ. ಆಂಪ್ ಆಗಲೇ ಒಡೆಯೋ ಅಂಚಿನಲ್ಲಿದ್ದರೆ ಆ ಏಟಿಗೆ ವಾಲ್ವ್ ಕ್ಲಿಪ್ ಆಗಿ (ಅಲೆಯ ತುದಿ ಕತ್ತರಿಸಿಹೋಗಿ) ಹೊಸ ಹಾರ್ಮೋನಿಕ್‌ಗಳು ಹುಟ್ಟುತ್ತವೆ, ಚೂಪು ತುದಿ ಮೊಂಡಾಗುತ್ತೆ, ನಿಮಗೆ ‘ದಪ್ಪ’ ಅಂತ ಕೇಳೋದು ಅದೇ. ಆಂಪ್ ಕ್ಲೀನ್ ಆಗಿದ್ದರೆ ಆ ಚೂಪು ಹಾಗೇ ಸ್ಪೀಕರ್‌ಗೆ ಹೋಗುತ್ತೆ. ಇನ್ನು ಬಾಸ್ ಮೊದಲೇ ಕತ್ತರಿಸಿರೋದರಿಂದ ಎಷ್ಟು ಡಿಸ್ಟಾರ್ಷನ್ ಬಂದರೂ ಕೆಳಗಿನ ತಂತಿಗಳು ಕಲಸಿಹೋಗಲ್ಲ. ರೋರಿಯ ರಿಫ್‌ಗಳಲ್ಲಿ ಒಂದೊಂದು ಸ್ವರ ಬಿಡಿಬಿಡಿಯಾಗಿ ಕೇಳೋದಕ್ಕೆ ಇದೂ ಒಂದು ಕಾರಣ.

ಅವನ ಆಂಪ್ ವಾಕ್ಸ್ ಎಸಿ30. ನಾಲ್ಕು ಇಎಲ್84 ಪವರ್ ವಾಲ್ವ್, ಎರಡು 12 ಇಂಚಿನ ಸ್ಪೀಕರ್. ಪವರ್ ವಿಭಾಗದಲ್ಲಿ ನೆಗೆಟಿವ್ ಫೀಡ್‌ಬ್ಯಾಕ್ ಇಲ್ಲ, ಹಾಗಾಗಿ ಕ್ಲೀನ್‌ನಿಂದ ಡಿಸ್ಟಾರ್ಷನ್‌ಗೆ ಹಠಾತ್ತನೆ ಜಿಗಿಯದೆ ಮೆತ್ತಗೆ ಸಾಗುತ್ತೆ. ಟ್ರೆಬಲ್ ಬೂಸ್ಟರ್ ಹಾಕೋದು ಅದರ ನಾರ್ಮಲ್ ಚಾನೆಲ್‌ಗೆ. ಮಂಕು ಚಾನೆಲ್, ಚೂಪು ಬೂಸ್ಟರ್, ಎರಡೂ ಸೇರಿ ಸರಿಹೋಗುತ್ತೆ. ಬ್ರೈಟ್ ಅಥವಾ ಟಾಪ್ ಬೂಸ್ಟ್ ಚಾನೆಲ್‌ಗೆ ಹಾಕಿದರೆ ನೀವು ಹೇಳಿದ್ದೇ ಆಗುತ್ತೆ.

ಈ ಕ್ರಮದಲ್ಲಿ ಹೋಗಿ ನೋಡಿ:

ಬೂಸ್ಟರ್ ಆಫ್ ಇಡಿ. ಗಿಟಾರ್ ವಾಲ್ಯೂಮ್ 10, ಟೋನ್ 10. ಆಂಪ್‌ನಲ್ಲಿ ಟ್ರೆಬಲ್ ಅರ್ಧಕ್ಕಿಂತ ಕೆಳಗೆ. ಈಗ ಆಂಪ್ ವಾಲ್ಯೂಮ್ ಏರಿಸ್ತಾ ಹೋಗಿ. ಮೆಲ್ಲಗೆ ಮೀಟಿದರೆ ಕ್ಲೀನ್, ಜೋರಾಗಿ ಮೀಟಿದರೆ ಅಂಚು ಹರಿಯುವ ಹಾಗೆ ಕೇಳೋ ಜಾಗದಲ್ಲಿ ನಿಲ್ಲಿಸಿ. ಆಮೇಲೆ ಬೂಸ್ಟರ್ ಆನ್ ಮಾಡಿ ಅದರ ನಾಬ್ ಅರ್ಧಕ್ಕೆ ತನ್ನಿ. ಗಿಟಾರ್ ಟೋನ್ 6 ಅಥವಾ 7ಕ್ಕೆ ಇಳಿಸಿ. ಇನ್ನು ಮುಂದೆ ಬೂಸ್ಟರ್ ಮುಟ್ಟಲೇಬೇಡಿ. ಸೋಲೋಗೆ ಗಿಟಾರ್ ವಾಲ್ಯೂಮ್ 10, ರಿದಂಗೆ 6-7, ಕ್ಲೀನ್ ಬೇಕಾದರೆ 4ರ ಹತ್ತಿರ. ಸ್ಟ್ರಾಟ್‌ನ ವಾಲ್ಯೂಮ್ ಇಳಿಸಿದರೆ ಟ್ರೆಬಲ್ ಸೋರಿಹೋಗುತ್ತೆ ಅಂತ ದೂರುತ್ತೀವಲ್ಲ, ಇಲ್ಲಿ ಆ ದೂರು ಇರಲ್ಲ, ಆ ಸೋರಿಕೆ ತಡೆಯೋಕೆ ವಾಲ್ಯೂಮ್ ನಾಬ್‌ಗೆ ಹಾಕೋ ಟ್ರೆಬಲ್ ಬ್ಲೀಡ್ ಕೆಪಾಸಿಟರ್ ಬೇಕಿಲ್ಲ. ಹಾಕಿದ್ದರೆ ತೆಗೆದುಬಿಡಿ.

ಹಳೆಯ ರೇಂಜ್‌ಮಾಸ್ಟರ್ ಕಾಲಲ್ಲಿ ತುಳಿಯೋ ಪೆಡಲ್ ಅಲ್ಲ ಅನ್ನೋದು ನೆನಪಿರಲಿ. ಆಂಪ್ ಮೇಲೆ ಇಡೋ ಡಬ್ಬ, ಸ್ವಿಚ್ ಅದರ ಮೇಲೇ. ಹಾಡಿನ ನಡುವೆ ಆನ್-ಆಫ್ ಮಾಡೋ ಉದ್ದೇಶವೇ ಇರಲಿಲ್ಲ.

ಇಷ್ಟಾದರೂ ಕೊರೆದರೆ ಎರಡು ಕಡೆ ನೋಡಿ. ಗಿಟಾರ್‌ಗೂ ಬೂಸ್ಟರ್‌ಗೂ ನಡುವೆ ಟ್ಯೂನರ್ ಅಥವಾ ಬಫರ್ (ಸಿಗ್ನಲ್‌ಗೆ ಬಲ ಕೊಡೋ ಸರ್ಕ್ಯೂಟ್) ಇರೋ ಯಾವುದೇ ಪೆಡಲ್ ಇದ್ದರೆ ತೆಗೆಯಿರಿ. ಪಿಕಪ್‌ನ ಕಾಯಿಲ್ ಆ ಕಮ್ಮಿ ಇಂಪೀಡೆನ್ಸನ್ನು ನೇರವಾಗಿ ಕಾಣಬೇಕು. ಮಧ್ಯೆ ಬಫರ್ ಬಂದರೆ ಮೇಲಿನ ತುದಿ ಮೊನಚಾಗುತ್ತೆ, ವಾಲ್ಯೂಮ್ ನಾಬ್‌ನ ಹಿಡಿತವೂ ತಪ್ಪುತ್ತೆ. ಟ್ಯೂನರ್ ಬೇಕಾದರೆ ಬೂಸ್ಟರ್ ನಂತರ ಇಡಿ. ಎರಡನೇದು, ಇನ್‌ಪುಟ್ ಕೆಪಾಸಿಟರನ್ನು 10 ನ್ಯಾನೊಫ್ಯಾರಡ್‌ಗೆ ಬದಲಿಸಿ. ಕತ್ತರಿಸೋ ಜಾಗ ಒಂದು ಸಪ್ತಕ ಕೆಳಗಿಳಿಯುತ್ತೆ, ಮಧ್ಯಮ ಸ್ವರಗಳೂ ಒಳಗೆ ಬರುತ್ತವೆ. ಹತ್ತು ನಿಮಿಷದ ಕೆಲಸ.

ಆರುತಂತಿ:

ತುಂಬಾ ಥ್ಯಾಂಕ್ಸ್. ಬೂಸ್ಟರ್‌ಗೆ ಮುಂಚೆ ಟ್ಯೂನರ್ ಇತ್ತು, ತೆಗೆದೆ, ಗಣನೀಯ ವ್ಯತ್ಯಾಸ. ಇನ್ನೊಂದು: ಉಳಿದ ಪೆಡಲ್‌ಗಳ ಜೊತೆ ಒಂದೇ ಅಡಾಪ್ಟರ್‌ನಿಂದ ಪವರ್ ಕೊಟ್ಟರೆ ಎಲ್ಲಾ ಪೆಡಲ್‌ಗಳೂ ಸಾಯ್ತವೆ. ಬ್ಯಾಟರಿಯಲ್ಲಿ ಸರಿ. ಬಿಸಿಲು ಹೊತ್ತಿನಲ್ಲಿ ಸೌಂಡೂ ಮಂಕಾಗುತ್ತೆ. ಪೆಡಲ್ ಕೆಟ್ಟಿದೆಯಾ?

ಬೆಸುಗೆಕಡ್ಡಿ:

ಕೆಟ್ಟಿಲ್ಲ. ಹಳೆಯ ಡಿಸೈನಿನಂತೆ ಅದರಲ್ಲಿ ಪಿಎನ್‌ಪಿ ಟ್ರಾನ್ಸಿಸ್ಟರ್ ಇದೆ, ಗ್ರೌಂಡ್‌ಗೆ ಸೇರೋದು ಬ್ಯಾಟರಿಯ ಪ್ಲಸ್. ಉಳಿದ ಪೆಡಲ್‌ಗಳಲ್ಲಿ ಗ್ರೌಂಡ್‌ಗೆ ಸೇರೋದು ಮೈನಸ್. ಗಿಟಾರ್ ಕೇಬಲ್‌ನ ಹೊರಕವಚ ಎಲ್ಲ ಗ್ರೌಂಡ್‌ಗಳನ್ನೂ ಕಟ್ಟಿಹಾಕುತ್ತೆ. ಒಂದೇ ಅಡಾಪ್ಟರ್‌ನಿಂದ ಕೊಟ್ಟಾಗ ಪ್ಲಸ್ಸೂ ಮೈನಸ್ಸೂ ಆ ಕವಚದ ಮೂಲಕ ಶಾರ್ಟ್ ಆಗುತ್ತವೆ. ಪೂರ್ತಿ ಪ್ರತ್ಯೇಕವಾದ ಔಟ್‌ಪುಟ್ ಇರೋ ಪವರ್ ಸಪ್ಲೈ ಬೇಕು, ಇಲ್ಲಾಂದ್ರೆ ಬ್ಯಾಟರಿಯಲ್ಲೇ ಇರಲಿ. ಇದು ಎಳೆಯೋ ಕರೆಂಟ್ ಒಂದು ಮಿಲಿಆಂಪಿಗೂ ಕಮ್ಮಿ, 9 ವೋಲ್ಟ್ ಬ್ಯಾಟರಿ ತಿಂಗಳುಗಟ್ಟಲೆ ಬರುತ್ತೆ. ನುಡಿಸಿದ ಮೇಲೆ ಇನ್‌ಪುಟ್ ಜಾಕ್ ಎಳೆದಿಟ್ಟರೆ ಆಯ್ತು.

ಮಂಕಾಗೋದಕ್ಕೆ ಸೆಖೆ ಕಾರಣ. ಜರ್ಮೇನಿಯಂ ಟ್ರಾನ್ಸಿಸ್ಟರ್‌ನಲ್ಲಿ ಸದಾ ಸ್ವಲ್ಪ ಕರೆಂಟ್ ಸೋರ್ತಾ ಇರುತ್ತೆ, ಬಿಸಿ ಸುಮಾರು 10 ಡಿಗ್ರಿ ಏರಿದರೆ ಸೋರಿಕೆ ಹೆಚ್ಚುಕಮ್ಮಿ ಎರಡರಷ್ಟಾಗುತ್ತೆ. ಮಲ್ಟಿಮೀಟರ್‌ನಲ್ಲಿ ಗ್ರೌಂಡ್‌ಗೂ ಕಲೆಕ್ಟರ್ ಕಾಲಿಗೂ ನಡುವೆ ಅಳೆಯಿರಿ. 7 ವೋಲ್ಟ್ ಆಸುಪಾಸು ಇರಬೇಕು. 5ರ ಕೆಳಗೆ ಇಳಿದಿದ್ದರೆ ಸೌಂಡ್ ಅದುಮಿದ ಹಾಗೆ, ಮಂಕಾಗಿ ಕೇಳುತ್ತೆ. ಬೇಸ್‌ನಿಂದ ಗ್ರೌಂಡ್‌ಗೆ ಹೋಗೋ 68 ಕಿಲೋಓಮ್ ರೆಸಿಸ್ಟರ್ ಜಾಗದಲ್ಲಿ 100 ಕಿಲೋಓಮ್ ಟ್ರಿಮ್‌ಪಾಟ್ (ಸ್ಕ್ರೂಡ್ರೈವರ್‌ನಲ್ಲಿ ತಿರುಗಿಸಿ ಹೊಂದಿಸೋ ರೆಸಿಸ್ಟರ್) ಹಾಕಿ. ಅದರ ಓಮ್ ಕಮ್ಮಿ ಮಾಡಿದರೆ ವೋಲ್ಟೇಜ್ 7ರ ಕಡೆ ಏರುತ್ತೆ. ನುಡಿಸೋ ಜಾಗದ ಬಿಸಿಯಲ್ಲೇ ಹೊಂದಿಸಿ, ತಣ್ಣನೆ ಕೋಣೆಯಲ್ಲಿ ಹೊಂದಿಸಿದರೆ ವೇದಿಕೆ ದೀಪದ ಕೆಳಗೆ ಮತ್ತೆ ಜಾರುತ್ತೆ. ಟ್ರಾನ್ಸಿಸ್ಟರ್ ಕಾಲಿಗೆ ನೇರವಾಗಿ ಬೆಸುಗೆ ಬೇಡ, ಸಾಕೆಟ್ ಹಾಕಿ. ಬೆಸುಗೆಯ ಶಾಖಕ್ಕೆ ಜರ್ಮೇನಿಯಂ ಸಾಯೋದು ಬಹಳ ಮಾಮೂಲಿ.

ಬಲಗೈ_ಬೆರಳು:

ವಾ ಸದ್ದು: ಟೋನ್ ನಾಬ್. ಕಿರುಬೆರಳಲ್ಲಿ.

ಆದರೆ ಮಾಮೂಲಿ ಸ್ಟ್ರಾಟ್‌ನಲ್ಲಿ ಪ್ರಯತ್ನಿಸಿದರೆ ಬ್ರಿಜ್ ಪಿಕಪ್‌ನಲ್ಲಿ ಏನೂ ಆಗಲ್ಲ, ಯಾಕೆಂದರೆ ಹಳೆಯ ವೈರಿಂಗ್‌ನಲ್ಲಿ ಒಂದು ಟೋನ್ ನಾಬ್ ನೆಕ್ ಪಿಕಪ್‌ಗೆ, ಇನ್ನೊಂದು ಮಧ್ಯದ್ದಕ್ಕೆ, ಬ್ರಿಜ್‌ಗೆ ಯಾವುದೂ ಇಲ್ಲ. ರೋರಿ ತನ್ನ 1961ರ ಗಿಟಾರ್‌ನಲ್ಲಿ ಒಂದು ಟೋನ್ ನಾಬನ್ನು ಬೇರ್ಪಡಿಸಿ ಇನ್ನೊಂದನ್ನು ಮೂರೂ ಪಿಕಪ್‌ಗೆ ಮಾಸ್ಟರ್ ಮಾಡಿಕೊಂಡಿದ್ದ. ಮಾಡೋದು ಸುಲಭ: ಎರಡು ಟೋನ್ ಪಾಟ್‌ಗಳಿಂದಲೂ (ನಾಬ್ ಕೆಳಗಿನ ತಿರುಗೋ ರೆಸಿಸ್ಟರ್) ಸ್ವಿಚ್‌ಗೆ ಹೋಗೋ ತಂತಿ ಬಿಚ್ಚಿ. ವಾಲ್ಯೂಮ್‌ಗೆ ಹತ್ತಿರದ ಟೋನ್ ಪಾಟ್‌ನಿಂದ ಒಂದು ತಂತಿಯನ್ನು, ವಾಲ್ಯೂಮ್ ಪಾಟ್‌ನಲ್ಲಿ ಸ್ವಿಚ್‌ನ ತಂತಿ ಬಂದು ಸೇರೋ ಕಾಲಿಗೆ ಬೆಸೆಯಿರಿ. ಕೆಪಾಸಿಟರ್ ಇನ್ನೊಂದು ಪಾಟ್ ಮೇಲೆ ಇದ್ದರೆ ಇದಕ್ಕೆ ವರ್ಗಾಯಿಸಿ. ಆ ಕಾಲದ ಸ್ಟ್ರಾಟ್‌ನಲ್ಲಿ 0.1 ಮೈಕ್ರೊಫ್ಯಾರಡ್, ಅದು ಪೂರ್ತಿ ಇಳಿಸಿದಾಗ ತೀರಾ ಮಂಕು, 0.047 ಹಾಕಿದರೆ ವಾ ತರಹದ ಓಟಕ್ಕೆ ಹೆಚ್ಚು ಅನುಕೂಲ. ನಾಬ್ ಬಿಗಿಯಾಗಿದ್ದರೆ ಕಿರುಬೆರಳಿಗೆ ಸಿಗಲ್ಲ, ಸಲೀಸಾಗಿ ತಿರುಗೋ ಪಾಟ್ ಬೇಕು. ಬದಲಾವಣೆಯೆಲ್ಲ 4ರಿಂದ 0ಯ ಒಳಗೇ ಕೇಳಿಸೋದು, ಮೇಲಿನ ಅರ್ಧ ಸುಮ್ಮನೆ ತಿರುಗುತ್ತೆ, ಆದ್ದರಿಂದ 4ಕ್ಕಿಂತ ಮೇಲೆ ತಿರುಗಿಸಬೇಕಿಲ್ಲ. ಸ್ವರ ಮೀಟಿದ ಕ್ಷಣ ನಾಬ್ 0ಯಲ್ಲಿರಬೇಕು, ಮೀಟಿದ ಮೇಲೆ ತೆರೆಯಬೇಕು. ಮೀಟೋದೂ ತೆರೆಯೋದೂ ಒಟ್ಟಿಗೆ ಆದರೆ ಬರೀ ಟ್ರೆಬಲ್ ಏರಿದ ಹಾಗೆ ಕೇಳುತ್ತೆ, ‘ವಾ’ ಅನ್ನಲ್ಲ.

ಇದರ ಜೊತೆಗೇ ಕೇಳಿಬರೋ ಕಿರುಚು ಪಿಂಚ್ ಹಾರ್ಮೋನಿಕ್, ಅಂದ್ರೆ ಮೀಟಿದ ಸ್ವರದಿಂದ ಹೆಬ್ಬೆರಳು ಸೋಕಿಸಿ ಹೊರಡಿಸೋ ಮೇಲಿನ ಸ್ವರ. ಪಿಕ್‌ನ ತುದಿ ಒಂದೆರಡು ಮಿಲಿಮೀಟರ್ ಮಾತ್ರ ಹೊರಗಿಟ್ಟು, ಮೀಟಿದ ತಕ್ಷಣ ಹೆಬ್ಬೆರಳ ಅಂಚು ತಂತಿಗೆ ಸೋಕಬೇಕು. ಎಲ್ಲಿ ಮೀಟಬೇಕು ಅನ್ನೋದು ಎಡಗೈ ಎಲ್ಲಿದೆ ಅನ್ನೋದರ ಮೇಲೆ ಹೋಗುತ್ತೆ. ಸ್ಟ್ರಾಟ್‌ನ ತಂತಿಯುದ್ದ 648 ಮಿಲಿಮೀಟರ್. 12ನೇ ಫ್ರೆಟ್ ಒತ್ತಿದರೆ ಉಳಿಯೋದು 324, ಅದರ ಕಾಲು ಭಾಗ ಅಂದ್ರೆ ಬ್ರಿಜ್‌ನಿಂದ 81 ಮಿಲಿಮೀಟರ್. ಅಲ್ಲಿ ಸೋಕಿದರೆ ಒತ್ತಿದ ಸ್ವರದ ಎರಡು ಸಪ್ತಕ ಮೇಲಿನ ಸ್ವರ ಸ್ಪಷ್ಟವಾಗಿ ಬರುತ್ತೆ. 5ನೇ ಫ್ರೆಟ್‌ಗೆ ಬಂದರೆ ಅದೇ ಬಿಂದು 121ಕ್ಕೆ ಜರುಗುತ್ತೆ. ‘ಒಂದು ಸ್ವರದಲ್ಲಿ ಬರುತ್ತೆ ಇನ್ನೊಂದರಲ್ಲಿ ಬರಲ್ಲ’ ಅಂತ ಒದ್ದಾಡೋರೆಲ್ಲ ಬಲಗೈಯನ್ನು ಒಂದೇ ಕಡೆ ನೆಟ್ಟುಕೊಂಡಿರ್ತಾರೆ. ರೋರಿಯ ವಿಡಿಯೋದಲ್ಲಿ ಬಲಗೈ ಬ್ರಿಜ್‌ಗೂ ನೆಕ್ ಪಿಕಪ್‌ಗೂ ನಡುವೆ ಓಡಾಡ್ತಾನೇ ಇರುತ್ತೆ. ಟ್ರೆಬಲ್ ಬೂಸ್ಟರ್ ಇದ್ದರೆ ಈ ಹಾರ್ಮೋನಿಕ್‌ಗಳು ಇನ್ನೂ ಸುಲಭ, ಅದು ಎತ್ತೋದೇ ಆ ಮೇಲಿನ ಸ್ವರಗಳನ್ನು.

ಕಾರ್ಕ್_ಕಿಟಕಿ:

ಆ ಗಿಟಾರ್ ಬಗ್ಗೆ ಒಂದೆರಡು ಮಾತು. 1963ರಲ್ಲಿ ಕಾರ್ಕ್‌ನ ಕ್ರೌಲೀಸ್ ಅಂಗಡಿಯಲ್ಲಿ 100 ಪೌಂಡ್‌ಗೆ ತಗೊಂಡಿದ್ದು, ಆಗ ಹುಡುಗನಿಗೆ 15 ವರ್ಷ. ಮೊದಲ ಮಾಲೀಕ ರಾಯಲ್ ಶೋಬ್ಯಾಂಡ್‌ನ ಜಿಮ್ ಕಾನ್ಲನ್, ಕೆಂಪು ಬಣ್ಣದ್ದು ಆರ್ಡರ್ ಮಾಡಿದ್ದವನಿಗೆ ಸನ್‌ಬರ್ಸ್ಟ್ ಬಂದಿತ್ತು. ಐರ್ಲೆಂಡಿಗೆ ಬಂದ ಮೊದಲ ಸ್ಟ್ರಾಟ್ ಇದು ಅನ್ನೋದು ವಾಡಿಕೆಯ ಮಾತು. ಡಬ್ಲಿನ್‌ನಲ್ಲಿ ಒಮ್ಮೆ ಕಳುವಾಗಿ, ಮಳೆಯಲ್ಲಿ ಬಿದ್ದಿದ್ದು ಮತ್ತೆ ಸಿಕ್ಕಿತು. 2024ರ ಅಕ್ಟೋಬರ್‌ನಲ್ಲಿ ಲಂಡನ್‌ನ ಬಾನಮ್ಸ್ ಹರಾಜಿನಲ್ಲಿ ಶುಲ್ಕವೂ ಸೇರಿ 8,89,400 ಪೌಂಡ್‌ಗೆ ಹೋಯ್ತು. ಕೊಂಡವರು ಐರ್ಲೆಂಡಿನ ರಾಷ್ಟ್ರೀಯ ಸಂಗ್ರಹಾಲಯಕ್ಕೆ ಕೊಡೋದಕ್ಕೆಂದೇ ಕೊಂಡದ್ದು.

ಬಣ್ಣ ಕಿತ್ತುಹೋದದ್ದರಿಂದ ಸೌಂಡ್ ಬಂತು ಅಂತ ಮರಳುಕಾಗದ ಹಿಡಿದು ಕೂತವರಿದ್ದಾರೆ, ದಯವಿಟ್ಟು ಬೇಡ. ಬಣ್ಣ ಹೋದದ್ದು ಬಹುಪಾಲು ಬೆವರಿಗೆ. ಅದೇ ಬೆವರು ಬ್ರಿಜ್ ಸ್ಯಾಡಲ್‌ನ ಸ್ಕ್ರೂ, ಪಾಟ್, ಮಶೀನ್ ಹೆಡ್ (ಶ್ರುತಿ ಮಾಡೋ ಕಿವಿ) ಎಲ್ಲವನ್ನೂ ತಿನ್ನುತ್ತೆ, ಹಾಗಾಗಿ ಆ ಗಿಟಾರ್‌ನಲ್ಲಿ ಕೆಟ್ಟದ್ದನ್ನೆಲ್ಲ ಕೆಟ್ಟಾಗಲೆಲ್ಲ ಬದಲಿಸಿದ್ದಾರೆ. ಮಶೀನ್ ಹೆಡ್‌ಗಳು ಕೊನೆಗೆ ಒಂದು ಜಾತಿಯವು ಐದು, ಬೇರೆ ಜಾತಿಯದು ಒಂದು. ಸಂಗ್ರಹಕಾರನ ಕಣ್ಣಿಗೆ ಅಪಚಾರ, ರಾತ್ರಿ ರಾತ್ರಿ ನುಡಿಸೋನಿಗೆ ಅದು ಲೆಕ್ಕಕ್ಕೇ ಇಲ್ಲ.

ದೊಡ್ಡಸ್ತಿಕೆ ಇಲ್ಲದ್ದು ಅಂದ್ರೆ ಇದೇ. ಟೇಸ್ಟ್ ಕಾಲದಲ್ಲಿ ಲಂಡನ್‌ನ ಮಾರ್ಕೀ ಕ್ಲಬ್‌ನಲ್ಲಿ ಕಛೇರಿ ಮುಗಿದ ಮೇಲೆ ಕಾದು ನಿಂತು ‘ಈ ಸೌಂಡ್ ಹೇಗೆ’ ಅಂತ ಕೇಳಿದ ಹುಡುಗ, ಮುಂದೆ ಕ್ವೀನ್ ಬ್ಯಾಂಡಿನ ಗಿಟಾರಿಸ್ಟ್ ಆದ ಬ್ರಯಾನ್ ಮೇ. ರೋರಿ ಗುಟ್ಟು ಮಾಡದೆ ಎಸಿ30, ರೇಂಜ್‌ಮಾಸ್ಟರ್ ಎರಡನ್ನೂ ತೋರಿಸಿದ. ಕ್ವೀನ್‌ನ ಗಿಟಾರ್ ಸೌಂಡ್ ಅಲ್ಲಿಂದ ಹೊರಟಿದ್ದು ಅಂತ ಮೇ ಇವತ್ತಿಗೂ ಹೇಳ್ತಾನೆ. 1975ರ ಜನವರಿಯಲ್ಲಿ ರೋಲಿಂಗ್ ಸ್ಟೋನ್ಸ್ ರಾಟರ್‌ಡ್ಯಾಮ್‌ಗೆ ಕರೆಸಿ ಜೊತೆಗೆ ನುಡಿಸಿದರು. ಮುಂದೇನು ಅಂತ ರೋರಿ ಕಾಯಲಿಲ್ಲ, ತನ್ನ ಜಪಾನ್ ಪ್ರವಾಸದ ಟಿಕೆಟ್ ಇತ್ತು, ಹೊರಟುಹೋದ.

ಶ್ರುತಿಪೆಟ್ಟಿಗೆ:

ನೀಲಿಸ್ವರ ಅವರೇ, ಸ್ಟುಡಿಯೋ ಆಲ್ಬಂಗಳನ್ನು ಪೂರ್ತಿ ಪಕ್ಕಕ್ಕಿಡಬೇಡಿ. 1971ರ ‘ಡ್ಯೂಸ್’ ಕೇಳದೆ ಲೈವ್ ಯಾಕೆ ಹಾಗಿದೆ ಅಂತ ಅರ್ಥ ಆಗಲ್ಲ. ಸಂಜೆ ಕಛೇರಿ ಇದ್ದ ದಿನಗಳಲ್ಲೇ, ಅದರ ಮುಂಚೆ ಅಥವಾ ನಂತರ, ಆ ಬಿಸಿ ಆರದ ಹಾಗೆ ರೆಕಾರ್ಡ್ ಮಾಡಿದ್ದು. ಕೊನೆಯ ‘ಕ್ರೆಸ್ಟ್ ಆಫ್ ಎ ವೇವ್’ನ ಸ್ಲೈಡ್ (ಬೆರಳಿಗೆ ಕೊಳವೆ ತೊಟ್ಟು ತಂತಿ ಮೇಲೆ ಜಾರಿಸಿ ನುಡಿಸೋದು) ಕೇಳಿ. ತದ್ವಿರುದ್ಧದ್ದು ಸ್ಯಾನ್ ಫ್ರಾನ್ಸಿಸ್ಕೋದ ಕಥೆ: ಅಲ್ಲಿ ಒಂದು ಆಲ್ಬಂ ಪೂರ್ತಿ ರೆಕಾರ್ಡ್ ಆಗಿ, ಮಿಕ್ಸಿಂಗ್ ಮುಗಿಯದೆ ಎಳೆದಾಡಿ, ಬೇಡ ಅಂತ ಮೂಲೆಗೆಸೆದ. 2011ರಲ್ಲಷ್ಟೇ ಹೊರಬಂತು. ಅದರ ಕೆಲವು ಹಾಡುಗಳನ್ನೇ ಹೊಸ ಮೂವರ ಬ್ಯಾಂಡ್ ಕಟ್ಟಿಕೊಂಡು ಹೊಸದಾಗಿ ನುಡಿಸಿ 1978ರ ‘ಫೋಟೋ-ಫಿನಿಶ್’ ಮಾಡಿದ. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದರೆ ಅವನು ಯಾವುದರಿಂದ ಓಡಿಹೋದ ಅಂತ ಕಿವಿಗೇ ಗೊತ್ತಾಗುತ್ತೆ.

ಸ್ಲೈಡ್ ನುಡಿಸೋಕೆ ಹೊರಟರೆ ಶ್ರುತಿ ಬಗ್ಗೆ ಎಚ್ಚರ. ಓಪನ್ ಎ ಅಂದ್ರೆ ದಪ್ಪ ತಂತಿಯಿಂದ ಇ-ಎ-ಇ-ಎ-ಸಿ ಶಾರ್ಪ್-ಇ. ಇದಕ್ಕೆ 4, 3, 2ನೇ ತಂತಿಗಳನ್ನು ಒಂದೊಂದು ಸ್ವರ ಏರಿಸಬೇಕು, ಎಳೆತ ಹೆಚ್ಚಿ ಹಳೆಯ ತಂತಿ ತುಂಡಾಗುತ್ತೆ, ಮೊದಲ ಬಲಿ ಸಾಮಾನ್ಯವಾಗಿ ಮೂರನೇದು. ಓಪನ್ ಜಿ ಆದರೆ 6, 5, 1ನೇ ತಂತಿಗಳನ್ನು ಇಳಿಸೋದು, ಡಿ-ಜಿ-ಡಿ-ಜಿ-ಬಿ-ಡಿ. ಬೆರಳಿನ ಜಾಗ ಒಂದೇ. 2ನೇ ಫ್ರೆಟ್‌ನಲ್ಲಿ ಕೇಪೋ (ಎಲ್ಲ ತಂತಿಗಳನ್ನೂ ಒತ್ತಿಹಿಡಿಯೋ ಕ್ಲಿಪ್) ಹಾಕಿದರೆ ಎ ಬಂದೇ ಬಂತು, ತಂತಿಗೂ ತೊಂದರೆ ಇಲ್ಲ. ತಂತಿಯ ಎತ್ತರ 12ನೇ ಫ್ರೆಟ್‌ನಲ್ಲಿ 2 ಮಿಲಿಮೀಟರ್‌ಗಿಂತ ಕಮ್ಮಿ ಇದ್ದರೆ ಸ್ಲೈಡ್ ಫ್ರೆಟ್‌ಗೆ ಬಡಿದು ಕಟಕಟ ಅನ್ನುತ್ತೆ. ಸ್ಲೈಡ್‌ನ ಹಿಂದಿನ ಬೆರಳುಗಳನ್ನು ತಂತಿ ಮೇಲೆ ಹಗುರವಾಗಿ ಮಲಗಿಸಿ, ಇಲ್ಲದಿದ್ದರೆ ಸ್ಲೈಡ್‌ಗೂ ನಟ್‌ಗೂ ನಡುವಿನ ತಂತಿಯೂ ದನಿ ಎತ್ತುತ್ತೆ.

‘ಔಟ್ ಆನ್ ದ ವೆಸ್ಟರ್ನ್ ಪ್ಲೇನ್’ ಬೇರೆ ಲೆಕ್ಕ. ಲೆಡ್‌ಬೆಲ್ಲಿಯ ಹಾಡು, ರೋರಿ ಅದನ್ನು ಡಿ-ಎ-ಡಿ-ಜಿ-ಎ-ಡಿ ಶ್ರುತಿಗೆ ತಂದ; 6ನೇದನ್ನೂ 1ನೇದನ್ನೂ ಡಿಗೆ, 2ನೇದನ್ನು ಎಗೆ ಇಳಿಸಿ. ಕೌಬಾಯ್ ಹಾಡು ಅಲ್ಲಿ ಐರಿಷ್ ಪೈಪಿನ ಜಾಡು ಹಿಡಿಯೋದು ಈ ಶ್ರುತಿಯಿಂದಲೇ, ಕೆಳಗಿನ ಡಿ ಮತ್ತು ಎ ತಂತಿಗಳು ತಂಬೂರಿಯ ಹಾಗೆ ಮೊಳಗ್ತಾನೇ ಇರಬೇಕು. ಅಲ್ಲಿ ಸ್ಲೈಡ್ ಇಲ್ಲ, ಬರೀ ಬೆರಳು.

ಆರುತಂತಿ:

10 ನ್ಯಾನೊಫ್ಯಾರಡ್ ಹಾಕಿದೆ, ಕಲೆಕ್ಟರ್ 4.8 ತೋರಿಸ್ತಾ ಇತ್ತು, ಟ್ರಿಮ್‌ಪಾಟ್‌ನಲ್ಲಿ 7ಕ್ಕೆ ತಂದೆ. ಈಗ ವಾಲ್ಯೂಮ್ 5ರಲ್ಲಿ ಕ್ಲೀನ್, 10ರಲ್ಲಿ ಕೂಗು. ಆದರೆ ಆಂಪ್ ಒಡೆಯೋ ಅಂಚಿಗೆ ಬರೋಷ್ಟು ಜೋರಾಗಿ ರಾತ್ರಿ ನುಡಿಸೋಕಾಗಲ್ಲ. ಬೇರೆ ದಾರಿ?

ಬೆಸುಗೆಕಡ್ಡಿ:

ಆಂಪ್‌ಗೂ ಸ್ಪೀಕರ್‌ಗೂ ನಡುವೆ ಅಟೆನ್ಯುಯೇಟರ್, ಅಂದ್ರೆ ಆಂಪ್‌ನ ಪವರ್ ತಾನು ನುಂಗಿ ಸ್ಪೀಕರ್‌ಗೆ ಕಮ್ಮಿ ಬಿಡೋ ಡಬ್ಬ. ಓಮ್ ಲೆಕ್ಕ ತಾಳೆಯಾಗಲಿ: ಆಂಪ್ 8 ಓಮ್ ಔಟ್‌ಪುಟ್ ಆದರೆ ಅದೂ 8 ಓಮಿನದೇ, ತಡೆಯೋ ವ್ಯಾಟ್ ಆಂಪ್‌ನ ಎರಡರಷ್ಟಾದರೂ ಇರಲಿ. ಆಂಪ್ ಆನ್ ಇದ್ದಾಗ ಸ್ಪೀಕರ್ ತಂತಿ ಎಳೆಯಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತೆ. ಅದು ಬೇಡ ಅಂದ್ರೆ ಬೂಸ್ಟರ್ ನಂತರ ಗೇನ್ ಕಮ್ಮಿ ಇಟ್ಟ ಓವರ್‌ಡ್ರೈವ್ ಪೆಡಲ್ ಇಟ್ಟು ಅದನ್ನೇ ‘ಒಡೆಯೋ ಆಂಪ್’ ಮಾಡಿಕೊಳ್ಳಿ, ನಿಜವಾದ ಆಂಪ್ ಕ್ಲೀನ್ ಆಗಿ ಮೆಲ್ಲಗಿರಲಿ. ಬೂಸ್ಟರ್ ಮಾತ್ರ ಗಿಟಾರ್‌ಗೆ ಮೊದಲ ಪೆಡಲ್ ಆಗೇ ಇರಬೇಕು.